ಶನಿವಾರದ ಡಾಕ್ಟರಮ್ಮ

ಮಂಗಳವಾರ, ಮಾರ್ಚ್ ೧೨
ಲಾಂಡ್ರಿಯ ಇಸ್ತ್ರಿ ಕೋಣೆ, ಊಟದ ಬಿಡುವು

ನನ್ನ ಗುಬ್ಬಿಗೆ,

ಅಮ್ಮನ ಪ್ರೀತಿ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಎರಡು ವರ್ಷದಿಂದ ಪ್ರತಿ ಫೋನಿನಲ್ಲೂ ಹೇಳುತ್ತಲೇ ಬಂದಿದ್ದೇನೆ, ಆದರೆ ಅದು ನಿಜವಾಗಿರುವುದು ಇವತ್ತೇ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಪರೀಕ್ಷೆಯ ಫಲಿತಾಂಶ ಕೊಟ್ಟರು. ಕೆಟ್ಟದ್ದೇನೂ ಇಲ್ಲವಂತೆ. ಈ ಸಾಲನ್ನು ಇನ್ನೊಂದು ಸಲ ಓದಿಕೊಂಡು ಆಮೇಲೆ ಮುಂದಕ್ಕೆ ಹೋಗು. ನಿನ್ನ ಸ್ವಭಾವ ನನಗೆ ಗೊತ್ತು, ಯಾವ ಆಸ್ಪತ್ರೆ, ಯಾವ ಪರೀಕ್ಷೆ ಅಂತ ಆಗಲೇ ಚಪ್ಪಲಿ ಹುಡುಕುತ್ತಿರುತ್ತೀಯ. ಕೂತುಕೋ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಹತ್ತು ಪ್ರಶ್ನೆ ಕೇಳುತ್ತೀಯ, ಹನ್ನೊಂದನೆಯದಕ್ಕೆ ನಾನು ಸುಸ್ತಾಗಿ ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಕಾಗದ. ಹೋಟೆಲಿನವರು ಚಾದರದ ಲೆಕ್ಕಕ್ಕೆಂದು ಕೊಟ್ಟ ಪುಸ್ತಕದಿಂದ ಹಾಳೆ ಹರಿದುಕೊಂಡಿದ್ದೇನೆ, ಹಿಂಬದಿ ನೋಡಬೇಡ.

ಎರಡು ವರ್ಷದಿಂದ ನನ್ನ ತಿಂಗಳ ಸ್ರಾವ ಹದ ತಪ್ಪಿತ್ತು. ಒಮ್ಮೆ ಶುರುವಾದರೆ ಹತ್ತು ದಿನ, ಹನ್ನೆರಡು ದಿನ. ಅದರ ಬೆನ್ನಿಗೇ ಏದುಸಿರು ಬಂತು. ಕೆಳಗಿನ ಯಂತ್ರಗಳ ಹಾಲಿನಿಂದ ಈ ಕೋಣೆಗೆ ಇಪ್ಪತ್ತೆರಡು ಮೆಟ್ಟಿಲು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡೇ ದಡದಡ ಹತ್ತುತ್ತಿದ್ದವಳು, ಬರಿಗೈಯಲ್ಲಿ ಒಂಬತ್ತನೆಯ ಮೆಟ್ಟಿಲಿಗೆ ನಿಂತು ಕಿಟಕಿಯಿಂದ ಹೊರಗೆ ನೋಡುವವಳ ಹಾಗೆ ನಟಿಸಲು ಶುರುಮಾಡಿದೆ. ಆ ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಇನ್ನೇನೂ ಇಲ್ಲ. ನನ್ನ ಜೋಡಿ ಗೊತ್ತಲ್ಲ ನಿನಗೆ, ಹದಿನಾಲ್ಕು ವರ್ಷದಿಂದ ನಾನು ಮಡಚುವ ಚಾದರದ ಇನ್ನೊಂದು ತುದಿ ಹಿಡಿದವಳು. ಅವಳು ಒಂದು ದಿನ, ಏನೇ ಇದು, ನಿನ್ನನ್ನೂ ಬ್ಲೀಚಿಗೆ ಹಾಕಿದ್ರಾ, ಮುಖ ಇಷ್ಟು ಬೆಳ್ಳಗಾಗಿದೆ ಅಂದಳು. ವಯಸ್ಸಾದ ಮೇಲೆ ಸುಂದರಿ ಆಗ್ತಿದ್ದೀನಿ ಬಿಡು ಅಂದೆ.

ಮನೆಯಲ್ಲಿ ಯಾರಿಗೂ ಸುಳಿವು ಹತ್ತಲಿಲ್ಲ. ರಕ್ತದ ಕಲೆ ತೆಗೆಯುವುದು ನನ್ನ ಕಸುಬು. ತಣ್ಣೀರು, ಉಪ್ಪು, ಅರ್ಧ ಗಂಟೆ ತಾಳ್ಮೆ. ಬಿಸಿನೀರು ತಾಕಿಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ದಿನಕ್ಕೆ ಮುನ್ನೂರು ಚಾದರ ಬೆಳ್ಳಗೆ ಮಾಡುವವಳಿಗೆ ಮನೆಯ ಎರಡು ಚಾದರ ಯಾವ ಮಹಾ. ನಿಮ್ಮಪ್ಪ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುತ್ತಾರೆ, ತಂತಿ ಹಗ್ಗದ ಒಂದು ಎಳೆ ಸಡಿಲವಾದರೆ ಶಬ್ದದಲ್ಲೇ ಹೇಳುತ್ತಾರೆ. ಪಕ್ಕದಲ್ಲಿ ಮಲಗಿದವಳ ಉಸಿರು ಮಾತ್ರ ಅವರ ಕಿವಿಗೆ ಬೀಳಲಿಲ್ಲ. ಅವರನ್ನು ದೂರುತ್ತಿಲ್ಲ. ಬಚ್ಚಿಡುವುದರಲ್ಲಿ ನಾನು ಅಷ್ಟು ಪಳಗಿದ್ದೆ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಎಂದು ನೀನೀಗ ಕೂಗಾಡುತ್ತಿರಬೇಕು. ಹೋಗಿದ್ದೆ ಕಣೇ. ಎರಡು ಸಲ, ಇಬ್ಬರು ಬೇರೆ ಬೇರೆ ಡಾಕ್ಟರ ಹತ್ತಿರ ಹೋಗಿದ್ದೆ. ಅಲ್ಲಿ ನನಗೆ ಏನು ಹೇಳಿದರು ಎಂಬುದು ನಿನಗೆ ಚೆನ್ನಾಗಿ ಗೊತ್ತು. ನಿನಗೆ ಮಾತ್ರವಲ್ಲ, ನಿನ್ನ ತಂಡದ ಒಂಬತ್ತು ಮಂದಿಗೂ ಅದು ಬಾಯಿಪಾಠವಾಗಿದೆ. ಹೇಗೆ ಅಂತ ಹೇಳುತ್ತೇನೆ.

ಹೋದ ವರ್ಷ ನೀನು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ವಿದ್ಯಾರ್ಥಿ ಕೋಚ್ ಆದೆ ಎಂದಾಗ, ಯಾವ ಆಟಕ್ಕೆ ಅಂತ ಕೇಳಿದ್ದೆ. ನೀನು ಬಿಡಿಸಿ ಹೇಳಿದೆ. ಬಂದವರ ತೂಕ ಕೇಳುವುದಿಲ್ಲ. ದಪ್ಪಗಿರುವವರೆಲ್ಲ ರೋಗಿಗಳು, ತೆಳ್ಳಗಿರುವವರೆಲ್ಲ ಗಟ್ಟಿಗರು ಎಂದುಕೊಳ್ಳುವುದಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ, ನಡೆದಾಡಿದರೆ ಹೇಗನ್ನಿಸುತ್ತದೆ ಎಂದು ಕೇಳುತ್ತೇವೆ. ಡಾಕ್ಟರ ಹತ್ತಿರ ಹೋಗಲು ಹೆದರುವವರ ಜೊತೆ ಹೋಗುತ್ತೇವೆ. ಕಾರಿಡಾರಿನಲ್ಲಿ ಎಲ್ಲರೆದುರು ಇದ್ದ ತೂಕದ ಯಂತ್ರವನ್ನು ಒಳಗಿಡಿಸಿದ್ದೀರಿ, ಕಾಯುವ ಜಾಗಕ್ಕೆ ಕೈಯಿಲ್ಲದ ಅಗಲ ಕುರ್ಚಿ ಹಾಕಿಸಿದ್ದೀರಿ. ಅದಕ್ಕೆ ನಾನು, ತೂಕದ ಮಾತೆತ್ತದೆ ಆರೋಗ್ಯ ನೋಡೋದು ಅಂದ್ರೆ ಸೋಪಿಲ್ಲದೆ ಬಟ್ಟೆ ಒಗೆದ ಹಾಗೆ ಅಂದೆ. ನೀನು ಎರಡು ದಿನ ಮುಖ ಗಂಟು ಹಾಕಿಕೊಂಡೆ. ಆ ಮಾತು ನನ್ನದಲ್ಲ, ಗುಬ್ಬಿ. ನನಗೆ ಹೇಳಿದ್ದನ್ನು ನಿನಗೆ ದಾಟಿಸಿದ್ದೆ ಅಷ್ಟೆ.

ಆಮೇಲೆ ಬಂತಲ್ಲ ನಿಮ್ಮ ಶನಿವಾರದ ಅಭ್ಯಾಸ. ಒಬ್ಬರು ರೋಗಿ, ಒಬ್ಬರು ಗದರುವ ಡಾಕ್ಟರು, ಉಳಿದವರು ಸುತ್ತ ಕೂತು ನೋಡುವುದು. ಆದರೆ ನಿಮ್ಮಲ್ಲಿ ಒಬ್ಬರಿಗೂ ಗದರಲು ಬರುವುದಿಲ್ಲ. ಡಾಕ್ಟರ ಕುರ್ಚಿಯಲ್ಲಿ ಕೂತವರು, ದಯವಿಟ್ಟು ಆರಾಮಾಗಿ ಕೂತ್ಕೊಳ್ಳಿ ಅಂತ ಶುರುಮಾಡಿ ಕಿಸಕ್ಕನೆ ನಕ್ಕುಬಿಡುತ್ತಾರೆ ಎಂದು ನೀನು ಗೋಳಾಡಿದೆ. ಬಾಯಿ ಜೋರಿರುವವಳು ನಮ್ಮಮ್ಮ ಒಬ್ಬಳೇ ಎಂದು ನನ್ನನ್ನು ಫೋನಿನ ಸ್ಪೀಕರಿನಲ್ಲಿ ಕೂರಿಸಿದೆ. ನಾನು ಶನಿವಾರದ ಡಾಕ್ಟರಮ್ಮ ಆದೆ.

ಎಂಥ ಡಾಕ್ಟರಮ್ಮ ಅಂತೀಯ. ರೋಗಿ ಬಾಯಿ ತೆರೆಯುವ ಮೊದಲೇ, ಮೊದ್ಲು ಹತ್ತು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ ಅನ್ನುತ್ತಿದ್ದೆ. ಉಸಿರು ಕಟ್ಟುತ್ತೆ ಅಂದವರಿಗೆ, ಇಷ್ಟು ಮೈ ಹೊತ್ಕೊಂಡು ಓಡಾಡಿದ್ರೆ ಇನ್ನೇನಾಗುತ್ತೆ ಅನ್ನುತ್ತಿದ್ದೆ. ಏನೂ ಜಾಸ್ತಿ ತಿನ್ನಲ್ಲ ಅಂದವರಿಗೆ, ಗಾಳಿ ಕುಡಿದು ಯಾರೂ ಊದಲ್ಲಮ್ಮ, ಬಾಯಿಗೆ ಬೀಗ ಹಾಕಿ, ಅದೇ ನಿಮ್ಮ ಔಷಧಿ ಅನ್ನುತ್ತಿದ್ದೆ. ಆ ಕಡೆಯಿಂದ ಚಪ್ಪಾಳೆ. ಆಂಟಿ, ನಿಮಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತೆ ಅಂತ ಹುಡುಗಿಯರು ಕಿರುಚುವುದು. ನಮ್ಮಮ್ಮ ನಾಟಕಕ್ಕೆ ಸೇರಬೇಕಿತ್ತು ಅಂತ ನೀನು ಜಂಬಪಡುವುದು. ನಾನೂ ಉಬ್ಬಿಹೋಗುತ್ತಿದ್ದೆ.

ಒಂದು ಸಾಲೂ ನನಗೆ ಹೊಳೆದದ್ದಲ್ಲ. ಎಲ್ಲವೂ ಆ ಎರಡು ಕೋಣೆಗಳಲ್ಲಿ ನನ್ನ ಮುಖಕ್ಕೆ ಹೇಳಿದ್ದು. ನಾನು ಆರಿಸಿ, ಒಗೆದು, ಗರಿಗರಿ ಮಾಡಿ ನಿಮಗೆ ಕೊಟ್ಟೆ. ಪ್ರತಿಯೊಬ್ಬರ ಮಾತನ್ನೂ ಕಿವಿಗೊಟ್ಟು ಕೇಳಬೇಕೆಂದು ತರಬೇತಿ ಪಡೆದ ಒಂಬತ್ತು ಕೋಚ್‌ಗಳು ಐದು ತಿಂಗಳು ನನ್ನ ಮಾತು ಕೇಳಿದರು. ಈ ಹೆಂಗಸಿಗೆ ಇದನ್ನೆಲ್ಲ ಯಾರು ಹೇಳಿದ್ದು ಎಂದು ನಿನಗಾಗಲಿ, ಉಳಿದ ಏಳು ಮಂದಿಗಾಗಲಿ ಅನ್ನಿಸಲಿಲ್ಲ. ಒಂಬತ್ತರಲ್ಲಿ ನಿನ್ನನ್ನೂ ಸೇರಿಸಿ ಎಂಟೇ ಆಯಿತಲ್ಲ ಎಂದು ಎಣಿಸಬೇಡ. ಒಬ್ಬಳಿಗೆ ಅನ್ನಿಸಿತು.

ಜನವರಿಯ ಎರಡನೆಯ ಶನಿವಾರ ನೆನಪು ಮಾಡಿಕೋ. ಅವತ್ತು ರೋಗಿಯ ಸರದಿ ನಿನ್ನ ರೂಮಿನ ಮೌನಗೌರಿಯದು. ಅವಳ ದನಿ ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಜೋರಾಗಿ ಹೇಳಿ, ಊಟ ಮಾಡೋವಾಗ ಬಾಯಿ ಚೆನ್ನಾಗೇ ತೆರೆಯುತ್ತೆ ಅಲ್ವಾ ಅಂತ ಗದರಿದೆ. ಅದೂ ನನಗೆ ಹೇಳಿದ್ದೇ. ಆ ಕಡೆಯಿಂದ ಬಿಕ್ಕಿ ಅತ್ತದ್ದು ಕೇಳಿಸಿತು. ಎಲ್ಲರೂ ಎದ್ದ ಗದ್ದಲ, ಕುರ್ಚಿ ಎಳೆದ ಶಬ್ದ. ನೀನು ಫೋನನ್ನು ಹತ್ತಿರ ತಂದು, ಏನಿಲ್ಲಮ್ಮ, ಇವಳು ಸ್ವಲ್ಪ ಮೆದು, ಇವಳಿಗೆ ಈ ಕೆಲಸ ಆಗಿಬರಲ್ಲ ಅಂದೆ.

ಎರಡು ವರ್ಷದ ಹಿಂದೆ ಆ ಮಾತು ಕೇಳಿ ನಾನು ಆಸ್ಪತ್ರೆಯ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಈಗ ಅದೇ ಮಾತಿನಿಂದ ಇನ್ನೊಬ್ಬರ ಮಗಳನ್ನು ಅಳಿಸಿದ್ದೆ, ಅದೂ ಚಪ್ಪಾಳೆಯ ಆಸೆಗೆ.

ಮರುವಾರ ಸೋಮವಾರ, ಇದೇ ಊಟದ ಬಿಡುವಿನಲ್ಲಿ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೌನಗೌರಿ. ನಾನು ತಪ್ಪಾಯ್ತಮ್ಮ ಅನ್ನಲು ಶುರುಮಾಡಿದೆ. ಅವಳು ನನ್ನನ್ನು ತಡೆದು, ಆಂಟಿ, ನಾನು ನನಗೋಸ್ಕರ ಅಳಲಿಲ್ಲ, ಆ ಮಾತು ಹೇಳೋವಾಗ ನಿಮ್ಮ ದನಿ ನಡುಗ್ತು, ಅದನ್ನ ನಿಮಗೆ ಯಾರು ಹೇಳಿದ್ರು ಅಂತ ಕೇಳಿದಳು. ಕೇಳಿ ಸುಮ್ಮನಾದಳು. ನೀನಾಗಿದ್ದರೆ ಆ ಮೌನವನ್ನು ಇನ್ನೈದು ಪ್ರಶ್ನೆಯಿಂದ ತುಂಬಿಸಿಬಿಡುತ್ತಿದ್ದೆ. ಅವಳು ಹಾಗೇ ಕಾದಳು. ನಾನು ಇಸ್ತ್ರಿ ರೋಲರಿನ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದಾಗ ಬಿಡುವೂ ಮುಗಿದಿತ್ತು, ಊಟ ಹಾಗೇ ಉಳಿದಿತ್ತು.

ಅವತ್ತಿನಿಂದ ಪ್ರತಿ ಸೋಮವಾರ ಫೋನ್ ಮಾಡಿದಳು. ನನ್ನ ಮಗಳಿಗೆ ಹೇಳ್ಬೇಡ ಅಂದೆ. ಅವಳು, ಆಂಟಿ, ಕೋಚ್‌ಗೆ ಹೇಳಿದ್ದು ಕೋಚ್ ಹತ್ರಾನೇ ಇರಬೇಕು ಅನ್ನೋ ನಿಯಮ ಬರೆದಿದ್ದೇ ನಿಮ್ಮ ಮಗಳು ಅಂದಳು. ಎರಡು ತಿಂಗಳು ನಿನ್ನ ಪಕ್ಕದ ಮಂಚದಲ್ಲಿ ಮಲಗಿ, ನಿನ್ನ ಅಮ್ಮನ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ತುಟಿ ಪಿಟಕ್ಕೆನ್ನಲಿಲ್ಲ. ಆ ಮಧ್ಯೆ ನೀನು ಅವಳನ್ನು ಕೋಚ್ ಪಟ್ಟಿಯಿಂದ ತೆಗೆದು ಕುರ್ಚಿ ಜೋಡಿಸುವ ಕೆಲಸಕ್ಕೆ ಹಾಕಿದ್ದೂ ನನಗೆ ಗೊತ್ತು. ನೀನೇ ಫೋನಿನಲ್ಲಿ ಹೇಳಿದ್ದೆ. ಅವಳು ಹೇಳಿರಲಿಲ್ಲ.

ನನ್ನನ್ನು ಅವಳು ಒಂದು ದಿನವೂ ತೂಕ ಕೇಳಲಿಲ್ಲ. ಎಷ್ಟು ಮೆಟ್ಟಿಲಿಗೆ ನಿಲ್ಲುತ್ತೀರಿ, ಎಷ್ಟು ದಿನ ಸ್ರಾವ ಇರುತ್ತೆ, ಎದ್ದಾಗ ತಲೆ ತಿರುಗುತ್ತಾ, ಇದನ್ನೆಲ್ಲ ಕೇಳಿ ನನ್ನ ಕೈಯಲ್ಲೇ ಬರೆಸಿದಳು. ಡಾಕ್ಟರ ಮಾತು ಬಂದಾಗಲೆಲ್ಲ ನಾನು ಮೊಂಡು ಹಿಡಿದೆ. ಕೊನೆಗೆ ಅವಳು ನಿಮ್ಮ ತಂಡದ ಆ ವಾಕ್ಯ ಕಲಿಸಿದಳು: ಇದೇ ತೊಂದ್ರೆ ಸಣ್ಣಗಿರೋರಿಗೆ ಬಂದಿದ್ರೆ ಯಾವ ಪರೀಕ್ಷೆ ಮಾಡಿಸ್ತಿದ್ರಿ, ನನಗೂ ಅದನ್ನೇ ಮಾಡಿಸಿ. ನಾವು ಅಭ್ಯಾಸಕ್ಕೆ ಕೂತೆವು. ಆದರೆ ಅವಳಿಗೆ ಡಾಕ್ಟರಂತೆ ಗದರಲು ಎಲ್ಲಿ ಬರಬೇಕು. ಹಾಗಾಗಿ ಡಾಕ್ಟರೂ ನಾನೇ, ರೋಗಿಯೂ ನಾನೇ. ನನ್ನ ಡಾಕ್ಟರಮ್ಮ ಎಷ್ಟು ಜೋರೆಂದರೆ ನನ್ನ ರೋಗಿ ಮೂರು ವಾರ ಸತತವಾಗಿ ಸೋತಳು. ಜೋಡಿ ಬಾಗಿಲಲ್ಲಿ ನಿಂತು, ಯಾರಿಗೆ ಬೈತಿದ್ದೀಯೇ ಅಂತ ಕೇಳಿದಳು. ನನಗೇ ಅಂದೆ.

ಫೆಬ್ರವರಿ ಕೊನೆಯಲ್ಲಿ ಆಸ್ಪತ್ರೆಗೆ ಹೋದೆ. ಈ ಸಲ ಹೊಸ ಡಾಕ್ಟರು, ಚಿಕ್ಕ ವಯಸ್ಸಿನ ಹೆಂಗಸು, ಮೂಗಿನ ಮೇಲೆ ಜಾರುವ ಕನ್ನಡಕ. ಹೇಳಿ ಅಮ್ಮ ಅಂದರು. ನಾನು ಬಾಯಿ ತೆರೆದೆ, ಗುಬ್ಬಿ, ಆ ವಾಕ್ಯ ಬರಲಿಲ್ಲ. ಐದು ತಿಂಗಳ ಅಭ್ಯಾಸ ಬಲವೋ, ನನ್ನ ಗ್ರಹಚಾರವೋ, ಮೇಜಿನ ಆಚೆ ಕೂತಿದ್ದ ಡಾಕ್ಟರಿಗೆ ಗಟ್ಟಿ ದನಿಯಲ್ಲಿ, ಮೊದ್ಲು ಹತ್ತು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ ಅಂದುಬಿಟ್ಟೆ.

ಆಕೆ ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು, ಆಮೇಲೆ ತಮ್ಮನ್ನೇ ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡಿಕೊಂಡರು. ನಾನಾ, ಅಂತ ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲ ಮೇಡಂ, ಅದು ನೀವು ನನಗೆ ಹೇಳೋದು ಅಂದೆ. ನಾನಿನ್ನೂ ಏನೂ ಹೇಳೇ ಇಲ್ವಲ್ಲ ಅಂದರು. ಇಲ್ಲಿಗೆ ಬಂದ್ರೆ ಎಲ್ಲರೂ ಹೇಳ್ತಾರೆ, ಅದಕ್ಕೆ ನಾನೇ ಹೇಳಿ ಮುಗಿಸಿಬಿಟ್ಟೆ ಅಂದೆ. ಆಕೆ ಪೆನ್ನು ಕೆಳಗಿಟ್ಟರು. ಆಗ ಆ ವಾಕ್ಯ ತಾನಾಗಿಯೇ ನಾಲಗೆಗೆ ಬಂತು, ಒಂದು ಅಕ್ಷರ ತಪ್ಪದೆ. ಜೊತೆಗೆ ಬರೆದ ಹಾಳೆಯನ್ನೂ ಮುಂದಿಟ್ಟೆ.

ಹಾಳೆ ಓದಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಇಷ್ಟು ದಿನ ನಿಮ್ಮ ರಕ್ತ ಯಾರೂ ನೋಡಲಿಲ್ವಾ ಅಂತ ಕೇಳಿದರು. ಬಿಪಿ ನೋಡಲು ನರ್ಸಮ್ಮ ಬಂದಾಗ ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾಯಿತು. ದೊಡ್ಡದು ತನ್ನಿ, ಚಿಕ್ಕದ್ರಲ್ಲಿ ಲೆಕ್ಕ ತಪ್ಪು ಬರುತ್ತೆ ಅಂತ ನಾನೇ ಹೇಳಿದೆ. ಅದೂ ನಿಮ್ಮ ತಂಡದ ಪಾಠವೇ. ನರ್ಸಮ್ಮ ಎಲ್ಲೋ ಡ್ರಾಯರಿನ ತಳದಿಂದ ಹುಡುಕಿ ತಂದರು.

ರಕ್ತ ಹನ್ನೆರಡು ಇರಬೇಕಾದಲ್ಲಿ ಆರು ಚಿಲ್ಲರೆ ಇತ್ತು. ಏದುಸಿರು ಮೈಯಿಂದಲ್ಲ, ರಕ್ತ ಇಲ್ಲದ್ದರಿಂದ. ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಗಡ್ಡೆಗಳು ಕಂಡವು. ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಗ ಡಾಕ್ಟರು ಆ ರೋಗದ ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂಬತ್ತು ದಿನ ಕಾದೆ. ನನಗೆ ಸಾಯುವ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಎರಡು ವರ್ಷ ತಡವಾಯಿತಲ್ಲ, ಆ ಎರಡು ವರ್ಷವೇ ನನ್ನನ್ನು ತಿಂದುಹಾಕಿದರೆ ಎಂದು. ಮೂರನೆಯ ದಿನ ತಡೆಯಲಾರದೆ ನಿಮ್ಮಪ್ಪನಿಗೆ ಹೇಳಿದೆ. ಅವರು ಎದ್ದುಹೋಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆದರು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು. ಇವತ್ತು ರಜೆ ಹಾಕಿ ಜೊತೆಗೆ ಬಂದಿದ್ದರು. ನಾನು ಹೆಸರು ಕರೆಯುವುದನ್ನು ಕಾಯುತ್ತಿದ್ದರೆ, ಇವರು ಎದ್ದುಹೋಗಿ ಕಾವಲುಗಾರನಿಗೆ, ನಿಮ್ಮ ಎರಡನೇ ಲಿಫ್ಟಿನ ಬ್ರೇಕು ಸವೆದಿದೆ, ಇವತ್ತೇ ನಿಲ್ಸಿ ಅಂತ ಹೇಳುತ್ತಿದ್ದರು. ಭಯವಾದಾಗ ಅವರಿಗೆ ಏನಾದರೊಂದು ರಿಪೇರಿ ಬೇಕು.

ಕೆಟ್ಟದ್ದಲ್ಲ ಅಂತ ಡಾಕ್ಟರು ಹೇಳಿದಾಗ ನಾನು ಇನ್ನೊಂದು ಸಲ ಹೇಳಿ ಅಂದೆ. ಹೇಳಿದರು. ಮೂರನೆಯ ಸಲ ಕೇಳಲು ನಾಚಿಕೆಯಾಗಿ ನಿಮ್ಮಪ್ಪನ ಕೈಯಲ್ಲಿ ಕೇಳಿಸಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಗು ಶುರುವಾಯಿತು ನೋಡು, ನಿಲ್ಲಲೇ ಇಲ್ಲ. ಹೋಗಿಬರುವವರು ಪಾಪ ಅಂತ ನೋಡುತ್ತಿದ್ದರು. ನೆಮ್ಮದಿ ಅಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು, ಗುಬ್ಬಿ. ಈಗ ಅದೇ ನೆಮ್ಮದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಬ್ಬಿಣದ ಸತ್ವವನ್ನು ನೇರ ರಕ್ತಕ್ಕೇ ಎರಡು ಸಲ ಏರಿಸಿದ್ದಾರೆ, ಹದಿನೈದನೆಯ ಮೆಟ್ಟಿಲಿನವರೆಗೆ ನಿಲ್ಲದೆ ಬರುತ್ತೇನೆ. ಗರ್ಭಕೋಶ ತೆಗೆಯುತ್ತಾರಂತೆ. ನೀನು ಒಂಬತ್ತು ತಿಂಗಳು ಇದ್ದ ಮನೆ, ಸ್ವಲ್ಪ ಸಂಕಟವಾಯಿತು. ಆದರೆ ಬಾಡಿಗೆಯವಳು ಹೋಗಿ ಇಪ್ಪತ್ತು ವರ್ಷವಾಯಿತಲ್ಲ.

ಒಂದು ಮಾತು ಬರೆಯದೆ ಈ ಪತ್ರ ಮುಗಿಸಿದರೆ ನಾನು ಕಳ್ಳಿಯಾಗುತ್ತೇನೆ. ನಿನಗೆ ಹನ್ನೊಂದು ವರ್ಷ. ಶಾಲೆಯಲ್ಲಿ ತೂಕ ನೋಡಿ ಚೀಟಿ ಕಳಿಸಿದ್ದರು. ಅವತ್ತಿನಿಂದ ನೀನು ಎರಡನೆಯ ಸಲ ಬಡಿಸಿಕೊಳ್ಳಲು ಕೈ ಚಾಚಿದಾಗಲೆಲ್ಲ ನಾನು ಪಾತ್ರೆ ಮುಚ್ಚಿದೆ. ಸಾಕು ಅಂದೆ. ನೀನು ಸಾಕು ಅನ್ನುವುದನ್ನು ಕಲಿತೆ, ಹಸಿದಿದ್ದಾಗಲೂ. ನಿನ್ನ ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ನೀನು ಈ ಕೋಚ್ ಕೆಲಸಕ್ಕೆ ಯಾಕೆ ಇಷ್ಟು ಹಟದಿಂದ ಅಂಟಿಕೊಂಡೆ ಎಂದು ಈಗ ಅರ್ಥವಾಗುತ್ತದೆ. ನಿನ್ನ ಜೀವನದ ಮೊದಲ ಗದರುವ ಡಾಕ್ಟರಮ್ಮ ನಾನೇ. ಕ್ಷಮಿಸು ಮಗಳೇ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಮೌನಗೌರಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಮೇಲೂ ಬೇಡ. ಅವಳು ಮೆದು ಅಂದೆಯಲ್ಲ, ಹೌದು, ಮೆದು. ಅದಕ್ಕೇ ನನ್ನ ದನಿ ನಡುಗಿದ್ದು ಅವಳಿಗೆ ಕೇಳಿಸಿತು. ಎಲ್ಲವನ್ನೂ ನಿನಗೆ ಬರೆಯುವುದಕ್ಕೆ ನಿನ್ನೆಯೇ ಅವಳ ಒಪ್ಪಿಗೆ ಕೇಳಿದೆ. ನಿಮ್ಮ ವಿಷಯ, ನೀವು ಯಾರಿಗೆ ಬೇಕಾದ್ರೂ ಹೇಳಬಹುದು ಆಂಟಿ ಅಂದಳು. ಈ ಪತ್ರ ಮಡಚಿಟ್ಟು ಮೊದಲು ಅವಳ ಹತ್ತಿರ ಹೋಗು. ನನ್ನ ಹತ್ತಿರ ಆಮೇಲೆ ಬಂದರಾಯಿತು. ಆಪರೇಷನ್ ಏಪ್ರಿಲ್ ನಾಲ್ಕು, ಗುರುವಾರ. ಅವಳೂ ಬರುವುದಾದರೆ ಹಾಸಿಗೆ ಹಾಸಿಡುತ್ತೇನೆ. ಚಾದರಕ್ಕಂತೂ ನಮ್ಮಲ್ಲಿ ಬರವಿಲ್ಲ.

ಶನಿವಾರಕ್ಕೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ. ನಾನು ಕೆಲಸ ಬಿಟ್ಟೆ. ರೋಗಿಯ ಪಾತ್ರ ಖಾಲಿ ಇದ್ದರೆ ಹೇಳಿ, ಈಗ ಚೆನ್ನಾಗಿ ಬರುತ್ತದೆ.

ನಿಜವಾಗಿಯೂ ಚೆನ್ನಾಗಿರುವ,
ನಿನ್ನ ಅಮ್ಮ

ಮರೆತಿದ್ದೆ: ಆಪರೇಷನ್ ಫಾರಂನಲ್ಲಿ ತೂಕ ಬರೆಯಬೇಕಿತ್ತು. ಅರಿವಳಿಕೆ ಕೊಡುವವರಿಗೆ ಔಷಧಿಯ ಅಳತೆಗೆ ಬೇಕಂತೆ, ಬೈಯಲಿಕ್ಕಲ್ಲ. ಯಂತ್ರದ ಮೇಲೆ ನಿಂತೆ. ತೊಂಬತ್ತೇಳು. ಮದುವೆಯಾದಾಗಿನಿಂದ ನಿಮ್ಮಪ್ಪನಿಗೆ ಎಪ್ಪತ್ತೆರಡು ಎಂದೇ ಹೇಳಿಕೊಂಡು ಬಂದಿದ್ದೆ. ಕೆಳಗೆ ಅವರ ಸಹಿ ಬೇಕಿತ್ತು, ಆ ಸಂಖ್ಯೆಯ ಮೇಲೆ ಪೆನ್ನಿನ ತುದಿಯಿಟ್ಟು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿ, ನರ್ಸಮ್ಮನ ಕಡೆ ತಿರುಗಿ, ಇವಳಿಗೆ ರಕ್ತ ಬೇಕಾದ್ರೆ ನಂದು ಆಗುತ್ತಾ ನೋಡಿ ಅಂತ ಅಂಗಿಯ ತೋಳು ಮಡಚಿದರು.